ಇವತ್ತಿದ್ದಿದ್ದರೆ ಯಾವ ಪಕ್ಷ?

ಕಳೆದ ಡಿಸೆಂಬರಿನಲ್ಲಿ ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆ ನಮ್ಮ ಶಾಲೆಯ ಎಂಟನೇ ತರಗತಿಯ ಕೋಣೆಯಲ್ಲಿ ನಡೆಯಿತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಟ್ಟಿಸುತ್ತಿರುವ ಹೊಸ ಸಭಾಂಗಣದಲ್ಲಿ ಯಾರ ಯಾರ ಭಾವಚಿತ್ರ ಹಾಕಬೇಕು ಎಂಬ ವಿಷಯ ಬಂತು. ಗಾಂಧೀಜಿ, ಅಂಬೇಡ್ಕರ್, ಕುವೆಂಪು ಎಂದಾಗ ಯಾರ ತಕರಾರೂ ಇರಲಿಲ್ಲ. ನಾಡು ಕಟ್ಟಿದವರ ಒಂದು ಸಾಲೂ ಇರಲಿ ಎಂದು ಮುಖ್ಯೋಪಾಧ್ಯಾಯರು ಐದು ಹೆಸರು ಓದಿದರು: ಸರ್ ಎಂ. ವಿಶ್ವೇಶ್ವರಯ್ಯ, ಕೆಂಗಲ್ ಹನುಮಂತಯ್ಯ, ಎಸ್. ನಿಜಲಿಂಗಪ್ಪ, ಶಾಂತವೇರಿ ಗೋಪಾಲಗೌಡ, ಡಿ. ದೇವರಾಜ ಅರಸು. ಜಗಳ ಶುರುವಾದದ್ದು ಅಲ್ಲಿಂದ.

"ಅರಸು ಅವರ ಫೋಟೋ ಹಾಕಿದರೆ ಅದು ಒಂದು ಪಕ್ಷದ ಫೋಟೋ ಹಾಕಿದ ಹಾಗೆ" ಎಂದರು ಒಬ್ಬರು. "ಹಾಗಾದರೆ ವಿಶ್ವೇಶ್ವರಯ್ಯನವರು ಇವತ್ತಿದ್ದಿದ್ದರೆ ಯಾವ ಪಕ್ಷದಲ್ಲಿರುತ್ತಿದ್ದರು ಅಂತ ನಮಗೂ ಗೊತ್ತು" ಎಂದರು ಇನ್ನೊಬ್ಬರು. ನಿಜಲಿಂಗಪ್ಪನವರು ಯಾವ ಜಾತಿಗೆ ಸೇರಿದವರು, ಹನುಮಂತಯ್ಯನವರು ಯಾವ ಜಾತಿಗೆ ಸೇರಿದವರು ಎಂಬ ಮಾತೂ ಬಂತು. ಒಂದೇ ಬೆಂಚಿನಲ್ಲಿ ಮೂರು ವರ್ಷ ಕೂತು ಓದಿದ ನಾನು ಮತ್ತು ನನ್ನ ಸಹಪಾಠಿಯೊಬ್ಬ ಆ ದಿನ ಎದುರು ಬದುರು ನಿಂತು ಜೋರಾಗಿ ಮಾತಾಡಿಕೊಂಡೆವು. ಚಹಾ ತಣ್ಣಗಾಯಿತು. ಭಾವಚಿತ್ರದ ವಿಷಯ ಮುಂದಿನ ಸಭೆಗೆ ಹೋಯಿತು. ಹೊರಡುವಾಗ ಮುಖ್ಯೋಪಾಧ್ಯಾಯರು, "ನಿಮಗೆ ಇತಿಹಾಸದ ಹುಚ್ಚಿದೆಯಲ್ಲ, ಇದರ ಬಗ್ಗೆ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ" ಎಂದರು. ಹಾಗೆ ಹುಟ್ಟಿದ್ದು ಈ ಬರಹ.

ನಾನು ಓದಿದ್ದು ಬಿಇ, ಮಾಡುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇತಿಹಾಸದ ಪಂಡಿತನಲ್ಲ. ಆದರೆ ಇದೇ ಶಾಲೆಯ ಸಮಾಜ ಮೇಷ್ಟ್ರು ನಮಗೊಂದು ಅಭ್ಯಾಸ ಕಲಿಸಿದ್ದರು. ಯಾವುದೇ ದೊಡ್ಡ ನಿರ್ಧಾರದ ಪಾಠ ಬಂದರೂ ನೋಟ್ ಪುಸ್ತಕದ ಮಧ್ಯೆ ಗೆರೆ ಎಳೆಸಿ, ಒಂದು ಕಡೆ "ಒಪ್ಪಿದವರು", ಇನ್ನೊಂದು ಕಡೆ "ವಿರೋಧಿಸಿದವರು" ಎಂದು ಬರೆಸುತ್ತಿದ್ದರು. ಇಸವಿ ಮರೆತರೂ ಬಯ್ಯುತ್ತಿರಲಿಲ್ಲ, ವಿರೋಧಿಸಿದವರ ಕಡೆ ಖಾಲಿ ಬಿಟ್ಟರೆ ಮಾತ್ರ ಎದ್ದು ನಿಲ್ಲಿಸುತ್ತಿದ್ದರು. ಆ ಐವರಿಗೂ ಅದೇ ರೀತಿ ಗೆರೆ ಎಳೆದು ನೋಡೋಣ ಎಂದು ಹೊರಟೆ.

ವಿಶ್ವೇಶ್ವರಯ್ಯ: ಕಾರ್ಖಾನೆ ಒಂದು ಕಡೆ, ಮೀಸಲಾತಿ ಇನ್ನೊಂದು ಕಡೆ

ಸೆಪ್ಟೆಂಬರ್ 15 ಬಂದರೆ ನಮ್ಮ ಕಚೇರಿಯಲ್ಲೂ ಎಂಜಿನಿಯರುಗಳ ದಿನ. ಆ ದಿನ ವಿಶ್ವೇಶ್ವರಯ್ಯನವರ ಚಿತ್ರಕ್ಕೆ ಹಾರ ಹಾಕುವವರಲ್ಲಿ ನಾನೂ ಒಬ್ಬ. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. ಕನ್ನಂಬಾಡಿ ಕಟ್ಟೆಯ ಕೆಲಸ, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಎಲ್ಲವೂ ಆ ಆರು ವರ್ಷಗಳ ಮಾತು. ನಮ್ಮ ಜಿಲ್ಲೆಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಅವರ ಕನಸೇ. 1923ರಲ್ಲಿ ಉತ್ಪಾದನೆ ಶುರುವಾದ ಆ ಕಾರ್ಖಾನೆ ಕಷ್ಟದಲ್ಲಿದ್ದಾಗ, ದಿವಾನಗಿರಿ ಬಿಟ್ಟಿದ್ದರೂ ಅದರ ಮಂಡಳಿಯ ಅಧ್ಯಕ್ಷರಾಗಿ ಬಂದು ಅದನ್ನು ನಿಲ್ಲಿಸಿಕೊಟ್ಟರು.

ಉದ್ಯಮ ಬೆಳೆಯಬೇಕು ಎನ್ನುವ ಪಕ್ಷಗಳೆಲ್ಲ ಅವರನ್ನು ನಮ್ಮವರು ಎನ್ನುತ್ತವೆ. ಆದರೆ ಒಂದು ಮಾತು ಗಮನಿಸಬೇಕು. ಭದ್ರಾವತಿಯ ಕಾರ್ಖಾನೆ ಖಾಸಗಿಯವರದಾಗಿರಲಿಲ್ಲ, ಅದು ಮೈಸೂರು ಸರ್ಕಾರದ್ದು. ದೇಶಕ್ಕೆ ಯೋಜನಾಬದ್ಧ ಆರ್ಥಿಕತೆ ಬೇಕು ಎಂದು ಅವರು ಪುಸ್ತಕ ಬರೆದದ್ದು 1934ರಲ್ಲಿ. ಸ್ವತಂತ್ರ ಭಾರತದ ಯೋಜನಾ ಆಯೋಗ ಆಗ ಇನ್ನೂ ಹದಿನಾರು ವರ್ಷ ದೂರವಿತ್ತು. ಸರ್ಕಾರ ಬಂಡವಾಳ ಹೂಡಬೇಕು, ಯೋಜನೆ ಹಾಕಬೇಕು ಎನ್ನುವುದನ್ನು ಇವತ್ತು ಎಡಪಂಥ ಎಂದು ಕರೆಯುವವರಿದ್ದಾರೆ. ಆ ಅಳತೆಯಲ್ಲಿ ವಿಶ್ವೇಶ್ವರಯ್ಯನವರೂ ಎಡಪಂಥೀಯರಾಗಿಬಿಡುತ್ತಾರೆ.

ಈಗ ಗೆರೆಯ ಆಚೆ ಬದಿ. ಆಗ ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚಿನವು ಬ್ರಾಹ್ಮಣರ ಕೈಯಲ್ಲಿದ್ದವು. ಉಳಿದವರಿಗೂ ಪಾಲು ಬೇಕೆಂಬ ಕೂಗು ಎದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ನೇಮಕದಲ್ಲಿ ಅರ್ಹತೆಯೊಂದೇ ನೋಡಬೇಕು, ಹಿಂದುಳಿದವರಿಗೆ ಶಿಕ್ಷಣ ಕೊಟ್ಟು ಮೇಲೆ ತರಬೇಕು ಎಂಬುದು ದಿವಾನರ ನಿಲುವು. ಅವರು ಹುದ್ದೆ ಬಿಟ್ಟು ಹೊರಬಂದರು. ಮಹಾರಾಜರು ತಮ್ಮ ದಾರಿಯಲ್ಲಿ ಮುಂದುವರಿದು 1921ರಲ್ಲಿ ಆದೇಶ ಹೊರಡಿಸಿದರು.

ಇಲ್ಲಿ ನನ್ನ ಸ್ವಂತದ ಮಾತೊಂದು ಹೇಳಬೇಕು. ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದ್ದು ಹಿಂದುಳಿದ ವರ್ಗದ ಮೀಸಲಾತಿಯಲ್ಲಿ. ಯಾರನ್ನು ನೋಡಿ ಎಂಜಿನಿಯರ್ ಆಗಬೇಕೆಂದು ಕನಸು ಕಂಡೆನೋ ಆ ಮಹನೀಯರು ಒಪ್ಪದ ದಾರಿಯಲ್ಲೇ ನಾನು ಎಂಜಿನಿಯರ್ ಆದೆ. ಮೊದಲ ಸಲ ಇದು ಹೊಳೆದಾಗ ಮನಸ್ಸಿಗೆ ಕಸಿವಿಸಿಯಾಗಿತ್ತು. ಈಗ ಹಾಗನ್ನಿಸುವುದಿಲ್ಲ. ಕಟ್ಟೆ ಕಟ್ಟಿದವರು ಒಬ್ಬರು, ಬಾಗಿಲು ತೆರೆದವರು ಇನ್ನೊಬ್ಬರು, ನನ್ನ ಬದುಕಿಗೆ ಇಬ್ಬರೂ ಬೇಕಾಯಿತು. ಅವರಿಬ್ಬರೂ ಒಂದೇ ಸರ್ಕಾರದಲ್ಲಿದ್ದವರು, ಭಿನ್ನಾಭಿಪ್ರಾಯ ಬಂದಾಗ ದೂರವಾದವರು. ಅವರಲ್ಲಿ ಒಬ್ಬರನ್ನು ಒಂದು ಪಕ್ಷಕ್ಕೆ, ಇನ್ನೊಬ್ಬರನ್ನು ಮತ್ತೊಂದು ಪಕ್ಷಕ್ಕೆ ಹಂಚಿಕೊಡಲು ನಮಗೇನು ಅಧಿಕಾರ?

ಹನುಮಂತಯ್ಯ: ತಮ್ಮ ಕುರ್ಚಿಯನ್ನೇ ಕಳೆದ ನಾಡು

ಕೆಂಗಲ್ ಹನುಮಂತಯ್ಯನವರು ಎಂದರೆ ವಿಧಾನಸೌಧ. ಸರ್ಕಾರದ ಕೆಲಸ ದೇವರ ಕೆಲಸ ಎಂದು ಅದರ ಬಾಗಿಲ ಮೇಲೆ ಬರೆಸಿದವರು ಅವರು. 1951ರಲ್ಲಿ ಅದಕ್ಕೆ ಶಂಕುಸ್ಥಾಪನೆಯಾದಾಗ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿ. 1952ರಲ್ಲಿ ಬಂದ ಹನುಮಂತಯ್ಯನವರು ನಕ್ಷೆಯನ್ನೇ ದೊಡ್ಡದು ಮಾಡಿಸಿ ಕಟ್ಟಿಸಿದರು. ಖರ್ಚಿನ ಬಗ್ಗೆ ಆಗ ದೊಡ್ಡ ಟೀಕೆ ಬಂದಿತ್ತು. ಇವತ್ತು ಅದೇ ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ನಮ್ಮ ಶಾಲಾ ಪ್ರವಾಸ ಮುಗಿಯುವುದಿಲ್ಲ.

ಆದರೆ ಅವರ ದೊಡ್ಡ ನಿರ್ಧಾರ ಕಟ್ಟಡವಲ್ಲ, ಏಕೀಕರಣ. ಹಳೇ ಮೈಸೂರಿನ ಅನೇಕರಿಗೆ ಏಕೀಕರಣ ಬೇಕಿರಲಿಲ್ಲ. ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕದ ಜಿಲ್ಲೆಗಳು ಬಂದು ಸೇರಿದರೆ ಮುಂದುವರಿದ ಮೈಸೂರಿನ ಹಣ ಅತ್ತ ಹರಿಯುತ್ತದೆ ಎಂಬ ಭಯ ಒಂದು. ಹೊಸ ರಾಜ್ಯದಲ್ಲಿ ಒಕ್ಕಲಿಗರ ಬಲ ಕಡಿಮೆಯಾಗಿ ಲಿಂಗಾಯತರ ಬಲ ಹೆಚ್ಚುತ್ತದೆ ಎಂಬ ಲೆಕ್ಕಾಚಾರ ಇನ್ನೊಂದು. ಹನುಮಂತಯ್ಯನವರು ಒಕ್ಕಲಿಗರು, ಹಳೇ ಮೈಸೂರಿನವರು, ಮೇಲಾಗಿ ಅಧಿಕಾರದಲ್ಲಿದ್ದ ಮುಖ್ಯಮಂತ್ರಿ. ಅವರ ಲಾಭಕ್ಕೆ ಹಳೆಯ ರಾಜ್ಯ ಹಾಗೆಯೇ ಉಳಿಯುವುದೇ ಒಳ್ಳೆಯದಿತ್ತು. ಅವರು ಏಕೀಕರಣದ ಪರ ನಿಂತರು.

1956ರ ಆಗಸ್ಟಿನಲ್ಲಿ ಸ್ವಪಕ್ಷದ ಶಾಸಕರ ಬೆಂಬಲ ಕಳೆದುಕೊಂಡು ಕುರ್ಚಿ ಬಿಟ್ಟರು. ನವೆಂಬರ್ 1ಕ್ಕೆ ಹೊಸ ರಾಜ್ಯ ಬರುವವರೆಗಿನ ಎರಡೂವರೆ ತಿಂಗಳು ನಮ್ಮ ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಯಾಗಿದ್ದರು. ವಿಶಾಲ ರಾಜ್ಯ ಬಂದಾಗ ಅದಕ್ಕಾಗಿ ಮಾತಾಡಿದ ಹನುಮಂತಯ್ಯನವರು ಅಧಿಕಾರದಲ್ಲಿರಲಿಲ್ಲ. ಸಭೆಯಲ್ಲಿ ಅವರ ಜಾತಿ ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಜಾತಿಯ ಲೆಕ್ಕ ಹಾಕಿದ್ದರೆ ಅವರು ಏಕೀಕರಣವನ್ನು ವಿರೋಧಿಸಬೇಕಿತ್ತು.

ನಿಜಲಿಂಗಪ್ಪ: ಕಾಂಗ್ರೆಸ್ಸಿನಲ್ಲಿದ್ದ ಎರಡು ಕಾಂಗ್ರೆಸ್

ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಚಿತ್ರದುರ್ಗದಲ್ಲಿ ವಕೀಲಿ ಮಾಡಿಕೊಂಡಿದ್ದು ಚಳವಳಿಗೆ ಬಂದವರು. 1962ರಿಂದ 1968ರವರೆಗೆ ಮತ್ತೆ ಮುಖ್ಯಮಂತ್ರಿಯಾಗಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು ಅವರ ಕಾಲದಲ್ಲೇ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಆ ನೀರಿನಡಿ ಮುಳುಗಿದ ಊರುಗಳ ಕಥೆ ನಮ್ಮ ಭಾಗದ ಹಿರಿಯರಿಗೆ ನಾನು ಹೇಳಬೇಕಿಲ್ಲ.

ಈಗ ಒಂದು ಪ್ರಶ್ನೆ. ನಿಜಲಿಂಗಪ್ಪನವರು ಯಾವ ಪಕ್ಷ? ಕಾಂಗ್ರೆಸ್ ಎಂದು ಮಕ್ಕಳೂ ಹೇಳುತ್ತಾರೆ. ಇಂದಿರಾ ಗಾಂಧಿಯವರು ಯಾವ ಪಕ್ಷ? ಅದೂ ಕಾಂಗ್ರೆಸ್. ಹಾಗಾದರೆ 1969ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಕಾಂಗ್ರೆಸ್ಸಿನಿಂದ ಉಚ್ಚಾಟಿಸಿದವರು ಯಾರು? ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಕಾರ್ಯಕಾರಿ ಸಮಿತಿ. ಆ ವರ್ಷ ಜುಲೈನಲ್ಲಿ ಪ್ರಧಾನಿ ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದ್ದರು. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಪ್ರಧಾನಿ ಕರೆಕೊಟ್ಟರು, ಗೆದ್ದವರು ವಿ.ವಿ. ಗಿರಿ. ತಮ್ಮ ಅಭ್ಯರ್ಥಿಗೆ ಎರಡನೇ ಪ್ರಾಶಸ್ತ್ಯದ ಮತ ಕೇಳಲು ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿದ್ದೇ ದೊಡ್ಡ ಆರೋಪವಾಯಿತು. ಪಕ್ಷ ಎರಡು ಹೋಳಾಯಿತು. ನಮ್ಮ ರಾಜ್ಯದಲ್ಲಿ ಇಂದಿರಾ ಗಾಂಧಿಯವರ ಕಡೆ ನಿಂತು ಪಕ್ಷ ಕಟ್ಟಿದವರು ದೇವರಾಜ ಅರಸು.

ನಿಜಲಿಂಗಪ್ಪನವರ ಕಡೆಯ ಸಂಸ್ಥಾ ಕಾಂಗ್ರೆಸ್ 1977ರಲ್ಲಿ ಜನತಾ ಪಕ್ಷದಲ್ಲಿ ಸೇರಿಹೋಯಿತು. ಅದೇ ಜನತಾ ಪಕ್ಷಕ್ಕೆ ಜನಸಂಘವೂ ಸೇರಿತ್ತು, ಸಮಾಜವಾದಿಗಳೂ ಸೇರಿದ್ದರು. ನಿಜಲಿಂಗಪ್ಪನವರ ಗರಡಿಯ ವೀರೇಂದ್ರ ಪಾಟೀಲರು 1978ರಲ್ಲಿ ಪಕ್ಕದ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರೇ ಜನತಾ ಪಕ್ಷದಿಂದ ನಿಂತು ಸೋತರು. ಆಮೇಲೆ ಅದೇ ಇಂದಿರಾ ಗಾಂಧಿಯವರ ಪಕ್ಷಕ್ಕೆ ಬಂದರು, 1989ರಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿಯಾದರು. ಬದುಕಿದ್ದಾಗಲೇ ಇಷ್ಟು ಸಲ ಅತ್ತಿತ್ತ ಆದವರನ್ನು, ಸತ್ತ ಮೇಲೆ ಒಂದೇ ಬಾವುಟದ ಕೆಳಗೆ ಕೂರಿಸುವುದು ಹೇಗೆ?

ಗೋಪಾಲಗೌಡ: ಒಂದು ಮನೆಯಿಂದ ಹೊರಟ ಹಲವು ದಾರಿ

ಶಾಂತವೇರಿ ಗೋಪಾಲಗೌಡರು ನಮ್ಮ ಜಿಲ್ಲೆಯವರೇ, ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. 1951ರ ಕಾಗೋಡು ಸತ್ಯಾಗ್ರಹದ ಹೆಸರು ಕೇಳದವರು ಇಲ್ಲಿ ಯಾರೂ ಇರಲಾರರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ ಎದ್ದ ಜಗಳ ಅದು. ಗೇಣಿದಾರರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪನವರು. ಸಮಾಜವಾದಿಗಳು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದಲ್ಲಿದ್ದ ಗೋಪಾಲಗೌಡರು 1952ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ಶಾಸಕರಾದರು. ಒಟ್ಟು ಮೂರು ಸಲ ಗೆದ್ದರು, ಯಾವತ್ತೂ ಮಂತ್ರಿಯಾಗಲಿಲ್ಲ. 1972ರಲ್ಲಿ, 49ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಇವತ್ತಿದ್ದಿದ್ದರೆ ಯಾವ ಪಕ್ಷದಲ್ಲಿರುತ್ತಿದ್ದರು? ಈ ಪ್ರಶ್ನೆಗೆ ಬೇರೆ ಯಾರ ವಿಷಯದಲ್ಲೂ ಸಿಗದ ಒಂದು ಪುರಾವೆ ಇಲ್ಲಿದೆ. ಅವರ ಜೊತೆ, ಅವರ ಹಿಂದೆ ಸಮಾಜವಾದಿ ಪಕ್ಷದಲ್ಲಿ ಬೆಳೆದವರು ಆಮೇಲೆ ಎಲ್ಲಿಗೆ ಹೋದರು ಎಂದು ನೋಡಬಹುದು. ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು. ಅವರು ಜನತಾದಳದ ಮುಖ್ಯಮಂತ್ರಿಯಾದರು. ಕಾಗೋಡು ತಿಮ್ಮಪ್ಪನವರು ಕಾಂಗ್ರೆಸ್ಸಿಗೆ ಬಂದು ಮಂತ್ರಿಯಾದರು, ವಿಧಾನಸಭೆಯ ಅಧ್ಯಕ್ಷರೂ ಆದರು. ಎಸ್. ಬಂಗಾರಪ್ಪನವರು ಕ್ರಾಂತಿರಂಗ, ಕಾಂಗ್ರೆಸ್, ತಾವೇ ಕಟ್ಟಿದ ಪಕ್ಷಗಳು, ಬಿಜೆಪಿ, ಸಮಾಜವಾದಿ ಪಕ್ಷ, ಜೆಡಿಎಸ್ ಎಲ್ಲವನ್ನೂ ನೋಡಿಬಂದರು.

ಅಂದರೆ ಗೋಪಾಲಗೌಡರ ಮನೆಯಿಂದ ಹೊರಟ ದಾರಿಗಳು ಇವತ್ತಿನ ಎಲ್ಲ ದೊಡ್ಡ ಪಕ್ಷಗಳ ಬಾಗಿಲಿಗೂ ಹೋಗಿವೆ. ಇದರಲ್ಲಿ ಯಾವುದು ಗೋಪಾಲಗೌಡರ ದಾರಿ ಎಂದು ನಾನು ಹೇಳಲಾರೆ. ಒಂದು ವಿಷಯ ಮಾತ್ರ ಹೇಳಬಲ್ಲೆ. ಉಳುವವನಿಗೆ ಭೂಮಿ ಬೇಕು ಎಂದು ಅವರು ಕೇಳಿದ್ದರು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಬೇಕು ಎಂದು ಕೇಳಿದ್ದರು. ಎರಡೂ ಆದದ್ದು ಅವರು ತೀರಿಕೊಂಡ ಎರಡು ವರ್ಷದೊಳಗೆ. ಮಾಡಿದವರು ಅವರು ಜೀವಮಾನವಿಡೀ ಎದುರಿಸಿದ ಕಾಂಗ್ರೆಸ್ಸಿನ ಮುಖ್ಯಮಂತ್ರಿ.

ಅರಸು: ನಮ್ಮ ಮನೆಯ ಗದ್ದೆ, ಅವನ ಮನೆಯ ಗದ್ದೆ

ಆ ಮುಖ್ಯಮಂತ್ರಿಯೇ ದೇವರಾಜ ಅರಸು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿದ್ದೆಂದು ಭೂಸುಧಾರಣಾ ಕಾನೂನಿನ ತಿದ್ದುಪಡಿ ಹೇಳಿತು. ಉಳುತ್ತಿದ್ದವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಡಬೇಕು. ನಮ್ಮ ಕಡೆ ಇದಕ್ಕೆ ಡಿಕ್ಲರೇಷನ್ ಹಾಕುವುದು ಎಂದೇ ಹೆಸರು.

ನನ್ನ ಅಜ್ಜ ಡಿಕ್ಲರೇಷನ್ ಹಾಕಿದವರು. ಒಡೆಯರ ಮನೆಯ ಎದುರು ಚಪ್ಪಲಿ ಹಾಕಿಕೊಂಡು ನಡೆಯದ ಅಜ್ಜ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದ ದಿನ ಊಟ ಮಾಡಲಿಲ್ಲವಂತೆ, ಹೆದರಿಕೆಗೆ. ಎರಡು ಎಕರೆ ಗದ್ದೆ ನಮ್ಮ ಹೆಸರಿಗೆ ಬಂತು. ಆ ಗದ್ದೆಯ ಭತ್ತ ಮಾರಿದ ದುಡ್ಡಿನಲ್ಲಿ ಅಪ್ಪ ಹೈಸ್ಕೂಲು ಮುಗಿಸಿದರು, ನಾನು ಕಾಲೇಜು ಸೇರಿದೆ. ಅರಸು ನೇಮಿಸಿದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗಗಳ ಮೀಸಲಾತಿ ಇವತ್ತಿನ ರೂಪಕ್ಕೆ ಬರಲು ಆ ವರದಿ ಒಂದು ಮುಖ್ಯ ಮೆಟ್ಟಿಲು. ಹಾಗಾಗಿ ಅರಸು ಅವರ ಫೋಟೋ ಬೇಡ ಎಂದಾಗ ನನಗೆ ಸಿಟ್ಟು ಬಂದದ್ದು ಸಹಜ.

ಸಭೆಯಲ್ಲಿ ನನ್ನ ಎದುರು ನಿಂತ ಸಹಪಾಠಿ ಆ ಗದ್ದೆಯ ಒಡೆಯರ ಮೊಮ್ಮಗ. ಹೊರಗಿನವರಿಗೆ ಒಡೆಯರು ಎಂದರೆ ದೊಡ್ಡ ಜಮೀನ್ದಾರರು ಎನ್ನಿಸಬಹುದು. ಅವರ ಮನೆಗೆ ಇದ್ದದ್ದೇ ಆರು ಎಕರೆ. ಅವನ ಅಜ್ಜ ತೀರಿಕೊಂಡ ಮೇಲೆ, ಉಳಲು ಗಂಡಾಳಿಲ್ಲದೆ ಅಜ್ಜಿ ಗೇಣಿಗೆ ಕೊಟ್ಟಿದ್ದ ಗದ್ದೆ ಹೋಯಿತು. ಆಮೇಲೆ ಆ ಅಜ್ಜಿ ಹಪ್ಪಳ ಉಪ್ಪಿನಕಾಯಿ ಮಾಡಿ ಮಾರಿ ಮಕ್ಕಳನ್ನು ಓದಿಸಿದರು. ಇದು ನನಗೆ ಗೊತ್ತಾದದ್ದು ಸಭೆಯ ಮಾರನೇ ದಿನ, ಅವನ ಮನೆಯ ಜಗಲಿಯಲ್ಲಿ ಕೂತಾಗ. "ನಿಮ್ಮಜ್ಜನ ಮೇಲೆ ನನಗೆ ಸಿಟ್ಟಿಲ್ಲ ಮಾರಾಯ, ಉಳುತ್ತಿದ್ದವರು ಅವರೇ. ಆದರೆ ನಮ್ಮಜ್ಜಿಯ ಮಾತು ಯಾರ ಭಾಷಣದಲ್ಲೂ ಬರುವುದಿಲ್ಲ" ಎಂದ. ನನ್ನ ನೋಟ್ ಪುಸ್ತಕದಲ್ಲಿ ವಿರೋಧಿಸಿದವರ ಕಡೆ ನಾನು "ಜಮೀನ್ದಾರರು" ಎಂದು ಒಂದೇ ಪದ ಬರೆದಿಟ್ಟಿದ್ದೆ. ಆ ಅಜ್ಜಿ ಅದರಲ್ಲಿರಲಿಲ್ಲ.

ಅರಸು ಅವರ ಬಗ್ಗೆ ಇನ್ನೂ ಎರಡು ಮಾತು ಬರೆಯದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ನಮ್ಮ ಶಾಲೆ ಶುರುವಾದ 1975ರ ಜೂನ್ ತಿಂಗಳಲ್ಲೇ ದೇಶದಲ್ಲಿ ತುರ್ತುಪರಿಸ್ಥಿತಿ ಬಂತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಟ್ಟದ್ದು ಬೆಂಗಳೂರಿನ ಜೈಲಿನಲ್ಲಿ. ಅಲ್ಲಿಯೇ ಇದ್ದ ಕಲಾವಿದೆ ಸ್ನೇಹಲತಾ ರೆಡ್ಡಿ ಕಾಯಿಲೆಯಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಭೂಮಿ ಕೊಟ್ಟ ಅರಸು ಅವರೇ ಆಗಲೂ ಮುಖ್ಯಮಂತ್ರಿ. ಇನ್ನೊಂದು, ಇಂದಿರಾ ಗಾಂಧಿಯವರನ್ನು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಗೆಲ್ಲಿಸಿ ಕಳಿಸಿದ ಅರಸು ಮರುವರ್ಷವೇ ಅವರಿಂದ ಬೇರೆಯಾದರು. 1980ರಲ್ಲಿ ಅಧಿಕಾರ ಕಳೆದುಕೊಂಡರು, ಕ್ರಾಂತಿರಂಗ ಕಟ್ಟಿದರು, 1982ರಲ್ಲಿ ತೀರಿಕೊಂಡರು. ಅರಸು ಫೋಟೋ ಒಂದು ಪಕ್ಷದ ಫೋಟೋ ಎನ್ನುವವರು, ಅವರು ಸಾಯುವಾಗ ಆ ಪಕ್ಷದಲ್ಲಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಬದಲಾದದ್ದು ಏನು?

ನನ್ನ ಕೆಲಸದಲ್ಲಿ ಒಂದು ಅನುಭವ ಆಗಾಗ ಆಗುತ್ತದೆ. ಹಳೆಯ ಕಾಲದ ಮಾಹಿತಿಯನ್ನು ಹೊಸ ಪಟ್ಟಿಗೆ ತುಂಬಲು ಹೋದರೆ ಕೆಲವು ಸಾಲು ಕೂರುವುದೇ ಇಲ್ಲ. ಆಗ ಮಾಹಿತಿ ತಪ್ಪು ಎಂದು ಅಳಿಸಬಾರದು, ಪಟ್ಟಿಯ ಕಾಲಂಗಳು ಸರಿಯಿವೆಯೇ ಎಂದು ನೋಡಬೇಕು. ಈ ಐವರಲ್ಲಿ ಒಬ್ಬರೂ ಇವತ್ತಿನ ಪಕ್ಷಗಳ ಕಾಲಂನಲ್ಲಿ ಪೂರ್ತಿ ಕೂರಲಿಲ್ಲ. ಸರ್ಕಾರಿ ಕಾರ್ಖಾನೆ ಬೇಕೆನ್ನುವ, ಮೀಸಲಾತಿ ಬೇಡವೆನ್ನುವ ಎಂಜಿನಿಯರ್. ತನ್ನ ಸಮುದಾಯದ ಲೆಕ್ಕಾಚಾರಕ್ಕೆ ಎದುರಾದ ಮುಖ್ಯಮಂತ್ರಿ. ಪ್ರಧಾನಿಯನ್ನೇ ಪಕ್ಷದಿಂದ ತೆಗೆದ ಅಧ್ಯಕ್ಷ. ಅಧಿಕಾರ ಕಾಣದೆಯೂ ಕೇಳಿದ್ದನ್ನು ಎದುರಾಳಿಯ ಕೈಯಲ್ಲಿ ಮಾಡಿಸಿದ ಶಾಸಕ. ಭೂಮಿ ಕೊಟ್ಟ, ಜೈಲಿಗೂ ಹಾಕಿದ ಆಡಳಿತಗಾರ.

ಆಗಿನ ಪಕ್ಷಗಳಲ್ಲಿ ಜಗಳಕ್ಕೆ ಜಾಗವಿತ್ತು. ಅದರಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಪಕ್ಷ ಎನ್ನುವಂತಾದಾಗ 1985ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಪಕ್ಷಾಂತರ ನಿಷೇಧ ಮಾಡಿದರು. ಪಕ್ಷದ ವಿಪ್ ಮೀರಿ ಸದನದಲ್ಲಿ ಮತ ಹಾಕಿದರೆ ಶಾಸಕತ್ವ ಹೋಗಬಹುದು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿ, ಮೂರನೇ ಒಂದು ಭಾಗ ಒಡೆದು ಬಂದರೆ ಇದ್ದ ರಿಯಾಯಿತಿಯನ್ನೂ ತೆಗೆದರು. ಪಕ್ಷಾಂತರ ನಿಂತಿತೇ ಎಂದರೆ ನಮ್ಮ ರಾಜ್ಯದವರು ನಗುತ್ತಾರೆ. ರಾಜೀನಾಮೆ ಕೊಟ್ಟು, ಮತ್ತೆ ಚುನಾವಣೆಗೆ ನಿಂತು ಬರುವ ದಾರಿ ಕಂಡುಕೊಂಡರು. ಆದರೆ ಪಕ್ಷದೊಳಗೇ ಇದ್ದು, ಈ ಮಸೂದೆ ತಪ್ಪು ಎಂದು ಸದನದಲ್ಲಿ ಕೈ ಎತ್ತುವವನ ದಾರಿ ಮಾತ್ರ ಕಿರಿದಾಯಿತು.

ಆದ್ದರಿಂದ, ಅವರು ಇವತ್ತಿದ್ದಿದ್ದರೆ ಯಾವ ಪಕ್ಷದಲ್ಲಿರುತ್ತಿದ್ದರು ಎಂಬ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು ಎನ್ನಿಸುತ್ತದೆ. ಇವತ್ತಿನ ಯಾವ ಪಕ್ಷ ಅಂಥವರನ್ನು ಇಟ್ಟುಕೊಂಡೀತು? ಸ್ವಂತ ಜಾತಿಯ ಸಭೆಯಲ್ಲಿ ಬಯ್ಯಿಸಿಕೊಂಡು ಬರುವ ನಾಯಕನಿಗೆ ಯಾವ ಪಕ್ಷ ಟಿಕೆಟ್ ಕೊಟ್ಟೀತು? ಈ ಪ್ರಶ್ನೆ ಪಕ್ಷಗಳಿಗೆ ಮಾತ್ರವಲ್ಲ, ನಮಗೂ. ಎಂಟನೇ ತರಗತಿಯ ಕೋಣೆಯಲ್ಲಿ ನಾವು ಇಪ್ಪತ್ತು ಮೂವತ್ತು ಜನ ಕೂತಿದ್ದೆವು. ತನ್ನ ಕಡೆಯವರಿಗೆ ಬೇಸರವಾಗುವ ಒಂದು ಮಾತನ್ನೂ ಅಲ್ಲಿ ಯಾರೂ ಆಡಲಿಲ್ಲ. ನಾನೂ ಆಡಲಿಲ್ಲ.

ಭಾವಚಿತ್ರದ ಕೆಳಗೆ ಎರಡು ಸಾಲು

ಜನವರಿಯಲ್ಲಿ ಎರಡನೇ ಸಭೆ ಸೇರಿದಾಗ ನಾನು ಮತ್ತು ನನ್ನ ಸಹಪಾಠಿ ಒಟ್ಟಿಗೆ ಒಂದು ಸಲಹೆ ಇಟ್ಟೆವು. ಐವರ ಭಾವಚಿತ್ರವೂ ಇರಲಿ. ಪ್ರತಿಯೊಂದರ ಕೆಳಗೆ ಹುಟ್ಟಿದ ಇಸವಿ, ಪದವಿಗಳ ಬದಲು ಎರಡು ಸಾಲು ಇರಲಿ. ಮೊದಲ ಸಾಲಿನಲ್ಲಿ ಅವರು ಮಾಡಿದ ಒಂದು ನಿರ್ಧಾರ. ಎರಡನೇ ಸಾಲಿನಲ್ಲಿ ಅದನ್ನು ಯಾರು, ಯಾಕೆ ವಿರೋಧಿಸಿದರು ಎಂಬುದು. ಪಕ್ಷದ ಹೆಸರು ಎಲ್ಲೂ ಬೇಡ. ಎರಡನೇ ಸಾಲು ಬರೆಯುವುದು ಈಗಿನ ಹತ್ತನೇ ತರಗತಿಯ ಮಕ್ಕಳ ಕೆಲಸ. ಪುಸ್ತಕ ನೋಡಿ, ಊರಿನ ಹಿರಿಯರನ್ನು ಕೇಳಿ ಅವರೇ ಬರೆಯಲಿ.

ಸ್ವಲ್ಪ ಚರ್ಚೆಯಾಗಿ ಸಭೆ ಒಪ್ಪಿತು. ಅರಸು ಅವರ ಭಾವಚಿತ್ರದ ಖರ್ಚು ತಾನು ಕೊಡುತ್ತೇನೆ ಎಂದು ನನ್ನ ಸಹಪಾಠಿಯೇ ಹೇಳಿದ. "ಆದರೆ ಎರಡನೇ ಸಾಲಿಗೆ ನಮ್ಮಜ್ಜಿಯನ್ನು ಕೇಳಲಿ" ಎಂದ. ಅಜ್ಜಿಗೆ ಈಗ 91 ವರ್ಷ, ಕಿವಿ ಮಂದ, ನೆನಪು ಚುರುಕು. ಕಳೆದ ತಿಂಗಳು ಮೂವರು ಹುಡುಗಿಯರು ನೋಟ್ ಪುಸ್ತಕ ಹಿಡಿದು ಅವರ ಜಗಲಿಗೆ ಹೋಗಿದ್ದರಂತೆ. ಅಲ್ಲಿಂದ ಬರುವಾಗ ದಾರಿಯಲ್ಲಿ ನಮ್ಮ ಮನೆಗೂ ಬಂದು, ಅಜ್ಜ ಡಿಕ್ಲರೇಷನ್ ಹಾಕಿದ ದಿನದ ಕಥೆಯನ್ನು ಅಪ್ಪನಿಂದ ಬರೆದುಕೊಂಡು ಹೋದರು. ಪುಟದ ಮಧ್ಯೆ ಗೆರೆ ಎಳೆದಿತ್ತು ಎಂದು ಅಪ್ಪ ಫೋನಿನಲ್ಲಿ ಹೇಳಿದರು.

ಗೆರೆ ಎಳೆಯಲು ಕಲಿಸಿದ ನಮ್ಮ ಮೇಷ್ಟ್ರು ಈಗಿಲ್ಲ.